ಗಂಟು ಭಾವನ ಗಿರಾಕಿಗಳು

ಮಡಚಿ ಕಟ್ಟಿಟ್ಟ ಪ್ಯಾರಾಚೂಟ್ ನೋಡಲು ಏನೂ ಅಲ್ಲ. ಬೆನ್ನಿಗೆ ಹಾಕಿಕೊಳ್ಳುವ ಒಂದು ದಪ್ಪ ಗಂಟು, ಅಷ್ಟೆ. ನಮ್ಮಲ್ಲಿ ಎಲ್ಲರೂ ಅದನ್ನು ಗಂಟು ಅಂತಲೇ ಕರೆಯುತ್ತಿದ್ದರು. ಅದನ್ನು ಮಡಚುತ್ತಿದ್ದವರು ನನ್ನ ದೊಡ್ಡಕ್ಕನ ಗಂಡ. ನಾನು ಭಾವ ಭಾವ ಅಂತ ಕೂಗುವುದನ್ನು ಕೇಳಿ ಕಲಿಯುವ ಹುಡುಗರು ಅವರಿಗೆ ಗಂಟು ಭಾವ ಅಂತ ಹೆಸರಿಟ್ಟರು. ಕೊನೆಗೆ ಶಾಲೆಯ ದೊಡ್ಡವರೂ ಹಾಗೇ ಕರೆದರು. ಭಾವ ಬೇಜಾರು ಮಾಡಿಕೊಳ್ಳಲಿಲ್ಲ.

ಶಾಲೆ ಅಂದರೆ ವಿಮಾನ ಹಾರಿಸಲು ಕಲಿಸುವ ಶಾಲೆ. ಒಂದು ಉದ್ದನೆಯ ರನ್‌ವೇ, ಎರಡು ತಗಡಿನ ಶೆಡ್ಡು, ಒಂದು ಆಫೀಸು, ಇಬ್ಬರು ಅಕ್ಕಪಕ್ಕ ಕೂರುವ ಪುಟ್ಟ ವಿಮಾನಗಳು. ನಾನು ಅಲ್ಲಿ ಪೆಟ್ರೋಲ್ ಟ್ಯಾಂಕರ್ ಓಡಿಸುತ್ತಿದ್ದೆ. ಭಾವನೇ ಹೇಳಿ ಸೇರಿಸಿದ್ದು.

ಅವರ ಕೋಣೆ ಎರಡನೇ ಶೆಡ್ಡಿನ ಹಿಂದೆ ಇತ್ತು. ಕೋಣೆಯ ತುಂಬ ಒಂದೇ ಮೇಜು, ಈ ಗೋಡೆಯಿಂದ ಆ ಗೋಡೆಯವರೆಗೆ. ಹಲಗೆ ಕನ್ನಡಿಯ ಹಾಗೆ ನುಣುಪು. ಒಂದು ಮೂಲೆಯಲ್ಲಿ ಛಾವಣಿಯನ್ನು ಎತ್ತರಿಸಿ ರಾಟೆ ಕಟ್ಟಿದ್ದರು. ಬಿಚ್ಚಿದ ಪ್ಯಾರಾಚೂಟಿನ ನೆತ್ತಿ ಹಿಡಿದು ಅಲ್ಲಿಗೆ ಎತ್ತಿ ನೇತುಹಾಕುತ್ತಿದ್ದರು, ತೇವ ಹೋಗಲಿ ಅಂತ. ಬಾಗಿಲು ತೆಗೆದರೆ ಸಾಕು, ಆ ಬಿಳಿ ಬಟ್ಟೆ ನಿದ್ದೆಯಲ್ಲಿ ಉಸಿರಾಡುವವರ ಹಾಗೆ ಮೆಲ್ಲಗೆ ಅಲ್ಲಾಡುತ್ತಿತ್ತು.

ಒಳಗೆ ಹೋಗಬೇಕಾದರೆ ಕೈ ತೋರಿಸಬೇಕಿತ್ತು.

“ಎಲ್ಲಿ, ಉಗುರು ನೋಡೋಣ,” ಅನ್ನುತ್ತಿದ್ದರು ಭಾವ.

“ನಾನೇನು ಮುಟ್ಟಲ್ಲ ಭಾವ.”

“ಮುಟ್ಟಲ್ಲ ಅನ್ನೋರೇ ಮುಟ್ಟೋದು ಕಣೋ. ಪೆಟ್ರೋಲ್ ಕೈ ನಿಂದು. ಹಿಂದೆ ಕಟ್ಟಿಕೊಂಡು ನಿಂತ್ಕೋ.”

ನಾನು ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದೆ. ಅವರು ಬಟ್ಟೆಯನ್ನು ಮೇಜಿನ ಮೇಲೆ ಉದ್ದಕ್ಕೆ ಎಳೆದು, ಪಟ್ಟಿ ಪಟ್ಟಿಯಾಗಿ ಒಂದರ ಮೇಲೊಂದು ಮಡಚಿ, ಗಾಳಿ ಒತ್ತಿ ತೆಗೆದು, ಮರಳು ತುಂಬಿದ ಸಣ್ಣ ಚೀಲಗಳನ್ನು ಭಾರಕ್ಕೆ ಇಡುತ್ತಿದ್ದರು. ಹಗ್ಗಗಳನ್ನು ಬೆರಳ ಸಂದಿಯಲ್ಲಿ ಹಿಡಿದು, ಅಕ್ಕ ತಂಗಿಯ ಕೂದಲು ಬಾಚುವ ಹಾಗೆ, ಮೇಲಿಂದ ಕೆಳಗೆ ಜಾರಿಸಿಕೊಂಡು ಬರುತ್ತಿದ್ದರು. ಸಿಕ್ಕು ಇರಬಾರದು. ಕೊನೆಗೆ ಎಲ್ಲವನ್ನೂ ಗಂಟಿನೊಳಗೆ ತುಂಬಿ, ಸ್ಪ್ರಿಂಗ್ ಇರುವ ಪುಟ್ಟ ಕೊಡೆಯನ್ನು ಅದರ ಮೇಲೆ ಮೊಣಕಾಲಲ್ಲಿ ಅದುಮಿ, ಪಿನ್ನು ಸಿಕ್ಕಿಸಿ, ಕೆಂಪು ದಾರ ಕಟ್ಟಿ ಸೀಸದ ಮುದ್ರೆ ಒತ್ತುತ್ತಿದ್ದರು. ಎದೆಯ ಮೇಲಿನ ಹಿಡಿ ಎಳೆದರೆ ಪಿನ್ನು ಕಳಚಬೇಕು, ಪುಟ್ಟ ಕೊಡೆ ಚಿಮ್ಮಬೇಕು, ಅದು ದೊಡ್ಡದನ್ನು ಎಳೆದುಕೊಂಡು ಹೋಗಬೇಕು. ಇಷ್ಟೇ ಅವರ ಕೆಲಸ. ಆದರೆ ಅದು ಸರಿಯಾಗಿದೆಯೋ ಇಲ್ಲವೋ ಅಂತ ಗೊತ್ತಾಗುವುದು ಎಳೆದವರಿಗೆ ಮಾತ್ರ.

ಇದಕ್ಕೆ ಮೊದಲು ಭಾವ ಒಂದು ಹಾಸಿಗೆ ಅಂಗಡಿಯಲ್ಲಿ ದಿಂಬು ಹೊಲಿಯುತ್ತಿದ್ದರು. ಮಡಚುವ ಚಟ ಅಲ್ಲಿಂದಲೇ ಬಂದದ್ದೋ ಏನೋ. ಮನೆಯಲ್ಲೂ ಹೊದಿಕೆ, ಟವೆಲು, ಅಂಗಿ ಎಲ್ಲ ಅವರೇ ಮಡಚಬೇಕು. ಅಕ್ಕ ಗೊಣಗುತ್ತಿದ್ದಳು. “ಒಂದು ತುದಿ ಎಳೆದ್ರೆ ಪೂರ್ತಿ ಬಿಚ್ಕೊಂಡು ಮೈಮೇಲೆ ಬೀಳುತ್ತೆ. ನಮ್ಮನೇನು ಆಕಾಶದಿಂದ ಬೀಳ್ತಾ ಇದೆಯಾ ರೀ?”

“ಬಿದ್ರೆ ಹೇಳು, ಆಗ ಎಳಿ,” ಅನ್ನುತ್ತಿದ್ದರು ಭಾವ. ಅವರ ತಮಾಷೆ ಅಷ್ಟೇ ಇರುತ್ತಿತ್ತು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಇಬ್ಬರೂ ಮಾತಾಡಿದ್ದು ನಾನು ಕೇಳಿಲ್ಲ.

ಭಾವನಿಗೆ ಒಂದು ಕೊರಗು ಇತ್ತು. ಅವರ ಗಂಟುಗಳನ್ನು ಯಾರೂ ಹಾಕಿಕೊಳ್ಳುತ್ತಿರಲಿಲ್ಲ.

ಮೊದಲು ಶಾಲೆಯಲ್ಲಿ ಆಕಾಶದಲ್ಲಿ ಲಾಗ ಹಾಕುವ ವಿಮಾನ ಒಂದಿತ್ತು. ತಲೆಕೆಳಗಾಗಿ ಹಾರುವ ಪಾಠ. ಅದರಲ್ಲಿ ಇಬ್ಬರಿದ್ದರೆ ಇಬ್ಬರೂ ಗಂಟು ಹಾಕಿಕೊಳ್ಳಲೇಬೇಕು ಅಂತ ಕಾನೂನು. ಆ ವಿಮಾನ ಮಾರಿಹೋಯಿತು. ಆಮೇಲೆ ಉಳಿದದ್ದು ಗಿರಕಿ ಪಾಠ ಒಂದೇ. ವಿಮಾನ ತೀರ ನಿಧಾನವಾದರೆ ರೆಕ್ಕೆಗೆ ಗಾಳಿ ಸಾಲುವುದಿಲ್ಲ. ಒಂದು ಪಕ್ಕಕ್ಕೆ ವಾಲಿ, ಮೂಗು ಕೆಳಗೆ ಮಾಡಿ, ಗಿರಗಿರ ತಿರುಗುತ್ತ ಬೀಳತೊಡಗುತ್ತದೆ. ಮುಂದೆ ತಾವೇ ಪಾಠ ಹೇಳಬೇಕು ಅನ್ನುವವರು ಬೇಕೆಂದೇ ಆ ಗಿರಕಿಗೆ ಬಿದ್ದು, ಬಿಡಿಸಿಕೊಂಡು ಮೇಲೆ ಬರುವುದನ್ನು ಕಲಿಯಬೇಕು. ಅದಕ್ಕೆ ಮಾತ್ರ ಕಾನೂನಿನಲ್ಲಿ ಒಂದು ರಿಯಾಯಿತಿ ಇತ್ತು. ಪಾಠದಲ್ಲಿರುವ ಗಿರಕಿ ಆದರೆ, ಕಲಿಸುವ ಮೇಷ್ಟ್ರು ಪಕ್ಕದಲ್ಲಿ ಕೂತಿದ್ದರೆ, ಪ್ಯಾರಾಚೂಟ್ ಬೇಕಿಲ್ಲ.

ನಮ್ಮಲ್ಲಿ ಆ ‘ಬೇಕಿಲ್ಲ’ವನ್ನು ಎಲ್ಲರೂ ‘ಬೇಡ’ ಅಂತ ಮಾಡಿಕೊಂಡರು.

ಭಾವ ಒಂದು ಸಲ ಶಾಲೆ ನಡೆಸುವ ದೊಡ್ಡವರ ಹತ್ತಿರ ಹೋದರು. ನಾನು ಚಾವಿ ಕೊಡಲು ಅಲ್ಲೇ ನಿಂತಿದ್ದೆ.

“ಸಾರ್, ಬೇಕಿಲ್ಲ ಅಂದ್ರೆ ಬೇಡ ಅಂತ ಅಲ್ವಲ್ಲ? ಹಾಕ್ಕೊಂಡ್ರೆ ತಪ್ಪೇನಿದೆ?”

ದೊಡ್ಡವರು ಒಳ್ಳೆಯ ಮನುಷ್ಯ. ಕೂರಿಸಿ ಹೇಳಿದರು. “ತಪ್ಪೇನಿಲ್ಲ ಭಾವ. ಆದ್ರೆ ಸೀಟು ನೋಡಿದ್ದೀರಲ್ಲ. ಗಂಟು ಹಾಕ್ಕೊಂಡು ಕೂತ್ರೆ ಎದೆ ಮುಂದೆ ಬರುತ್ತೆ, ಕಾಲು ಮಡಚಿಕೊಳ್ಳುತ್ತೆ. ಇಬ್ಬರು ದಪ್ಪಗಿದ್ರೆ ಭಾರನೂ ಮೀರುತ್ತೆ. ಗಿರಕಿ ಬಿಡಿಸೋಕೇ ಕಷ್ಟ ಆದ್ರೆ ಗಂಟು ಇದ್ದು ಏನು ಪ್ರಯೋಜನ? ಬೇಕು ಅಂದೋರು ತಗೊಳ್ಳಲಿ, ನಾನು ತಡೆಯಲ್ಲ.”

ಬೇಕು ಅಂದವರು ಯಾರೂ ಬರಲಿಲ್ಲ. ಆದರೆ ಗಂಟು ಯಾರ ಬೆನ್ನಿಗೂ ಹೋಗದಿದ್ದರೂ ಆರು ತಿಂಗಳಿಗೊಮ್ಮೆ ಅದನ್ನು ಬಿಚ್ಚಿ, ನೇತುಹಾಕಿ, ಮತ್ತೆ ಮಡಚಬೇಕು. ಅದೂ ಕಾನೂನು. ಆರು ತಿಂಗಳ ವಾಯಿದೆ ಮುಗಿದ ಗಂಟನ್ನು ಯಾರಿಗೂ ಕೊಡುವ ಹಾಗಿಲ್ಲ. ಭಾವ ಯಾರೂ ಹಾಕಿಕೊಳ್ಳದ್ದನ್ನು ಬಿಚ್ಚುತ್ತಿದ್ದರು, ಯಾರೂ ಹಾಕಿಕೊಳ್ಳುವುದಿಲ್ಲ ಅಂತ ಗೊತ್ತಿದ್ದೂ ಮಡಚಿಡುತ್ತಿದ್ದರು. ವರ್ಷಗಳು ಹೀಗೇ ಹೋದವು.

ಗಿರಕಿ ಪಾಠ ಹೇಳುತ್ತಿದ್ದ ಮೇಷ್ಟ್ರು ಭಾವನ ಜೀವದ ಗೆಳೆಯ. ಭಾವನಿಗಿಂತ ಸ್ವಲ್ಪ ದೊಡ್ಡವರು. ದಪ್ಪ ದನಿ, ದಪ್ಪ ಮೀಸೆ, ನಡೆದರೆ ನೆಲ ಅದುರಬೇಕು. ಭಾವ ಹತ್ತು ಮಾತಿಗೆ ಒಂದು ಮಾತಾಡಿದರೆ ಅವರು ಒಂದಕ್ಕೆ ಹತ್ತು ಆಡುತ್ತಿದ್ದರು. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ನೇರ ಈ ಕೋಣೆಗೆ ಬರುತ್ತಿದ್ದರು. ಅವರಿಗೂ ಉಗುರು ತಪಾಸಣೆ ಇತ್ತು.

“ಲೋ ಗಂಟು, ಈ ಶಾಲೆಯಲ್ಲಿ ಗಿರಕಿ ಬೇಕಾದಷ್ಟಿದೆ. ನಿನಗೆ ಗಿರಾಕಿ ಮಾತ್ರ ಇಲ್ಲ ನೋಡು,” ಅಂತ ದಿನಾ ರೇಗಿಸುತ್ತಿದ್ದರು.

“ನೀನೇ ಮೊದಲನೇ ಗಿರಾಕಿ ಆಗು.”

“ನನ್ನ ಹೊಟ್ಟೆ, ನಿನ್ನ ಗಂಟು, ಎರಡೂ ಆ ಸೀಟಲ್ಲಿ ಕೂರಲ್ಲ ಕಣಯ್ಯಾ. ಯಾವುದಾದ್ರೂ ಒಂದನ್ನ ಕೆಳಗೆ ಬಿಟ್ಟು ಹೋಗಬೇಕು. ಹೊಟ್ಟೆ ಬಿಡೋಕಾಗಲ್ಲ.”

ಭಾವ ನಗುತ್ತಿದ್ದರು. ನಕ್ಕು ಮತ್ತೆ ಹಗ್ಗ ಬಾಚುತ್ತಿದ್ದರು.

ಆ ವರ್ಷ ಒಬ್ಬಳು ಹುಡುಗಿ ಕಲಿಯಲು ಬಂದಳು. ಹುಡುಗಿ ಅಂದರೂ ಚಿಕ್ಕವಳಲ್ಲ, ಬೇರೆ ಕಡೆ ಹಾರಿಸಿ ಬಂದವಳು. ಈಗ ಮೇಷ್ಟರ ಕೆಲಸಕ್ಕೆ ತಯಾರಾಗುತ್ತಿದ್ದಳು. ಒಂದು ದಿನ ಮೇಷ್ಟ್ರನ್ನು ಹುಡುಕಿಕೊಂಡು ಭಾವನ ಕೋಣೆಗೆ ಬಂದಳು. ಮೇಷ್ಟ್ರು ಇರಲಿಲ್ಲ. ಭಾವ ಮಡಚುತ್ತಿದ್ದರು. ಯಾರೂ ಹೇಳದೆಯೇ ಅವಳು ಕೈ ಹಿಂದೆ ಕಟ್ಟಿಕೊಂಡು ನಿಂತಳಂತೆ. ಭಾವನಿಗೆ ಅದು ತುಂಬ ಹಿಡಿಸಿತು.

“ಅಂಕಲ್, ಗಿರಕಿ ಪಾಠಕ್ಕೆ ಇದು ಬೇಡ ಅಲ್ವಾ?”

“ಬೇಡ ಅಂತ ಯಾರೂ ಹೇಳಿಲ್ಲಮ್ಮ. ಬೇಕಿಲ್ಲ ಅಂದಿದ್ದಾರೆ.”

“ಎರಡೂ ಒಂದೇ ಅಲ್ವಾ?”

“ಊಟಕ್ಕೆ ಬಾ ಅಂದಾಗ ಬೇಡ ಅಂದ್ರೆ ಒಂದು, ಬೇಕಿಲ್ಲ ಅಂದ್ರೆ ಇನ್ನೊಂದು. ಬೇಕಿಲ್ಲ ಅಂದೋನಿಗೆ ತಟ್ಟೆ ಇಟ್ರೆ ಉಣ್ತಾನೆ.”

ಅವಳು ನಕ್ಕಳು. ಆದರೆ ಮಾತು ಅವಳ ತಲೆಯಲ್ಲಿ ಉಳಿಯಿತು. ಗಿರಕಿ ಪಾಠದ ದಿನ ಬೆಳಿಗ್ಗೆ ಮೇಷ್ಟ್ರಿಗೆ ಹೇಳಿದಳು, “ಸರ್, ನನಗೆ ಗಂಟು ಬೇಕು. ನೀವೂ ಹಾಕ್ಕೊಂಡ್ರೆ ಒಳ್ಳೇದು.” ಮೇಷ್ಟ್ರು ಇಲ್ಲ ಅನ್ನಲಿಲ್ಲ. ಅವಳನ್ನು ಕರೆದುಕೊಂಡು ನೇರ ಭಾವನ ಹತ್ತಿರ ಬಂದರು. ನಾನು ಅಲ್ಲೇ ಹೊಸಿಲ ಹತ್ತಿರ ಚಹಾ ಕುಡಿಯುತ್ತಿದ್ದೆ.

“ಲೋ ಗಂಟು! ತಗೋ, ಗಿರಕಿಗೆ ಗಿರಾಕಿ ಬಂತು. ಒಂದಲ್ಲ, ಎರಡು. ಕೊಡು, ಎಲ್ಲಿ ನಿನ್ನ ಮಾಲು?”

ಭಾವನ ಮುಖ ಅರಳಬೇಕಿತ್ತು. ಅರಳಲಿಲ್ಲ. ಅವರು ಒಮ್ಮೆ ಮೇಲೆ ನೋಡಿದರು. ಎರಡು ಪ್ಯಾರಾಚೂಟು ರಾಟೆಯಲ್ಲಿ ತೂಗುತ್ತಿದ್ದವು, ಇನ್ನೂ ಆರಬೇಕು. ಕಪಾಟಿನಲ್ಲಿ ಇನ್ನೆರಡು ಗಂಟು ಇದ್ದವು, ಮುದ್ರೆ ಒತ್ತಿದವು. ಅವುಗಳ ವಾಯಿದೆ ಹಿಂದಿನ ದಿನ ಮುಗಿದಿತ್ತು.

ಹಿಂದಿನ ದಿನ ಅವನ್ನು ಬಿಚ್ಚಿ ಮಡಚಬೇಕು ಅಂತ ಭಾವ ಬಂದಿದ್ದರು. ಮೇಷ್ಟ್ರೇ ಬಂದು ಎಳೆದುಕೊಂಡು ಹೋಗಿದ್ದರು, ಕೆರೆಗೆ, ಮೀನು ಹಿಡಿಯಲು. “ನಾಳೆ ಮಡಚಿದ್ರಾಯ್ತು ಬಾರೋ. ಯಾರು ಕೇಳ್ತಾರೆ ನಿನ್ನ ಗಂಟನ್ನ?” ಅಂದಿದ್ದರು. ಕೇಳುವವರು ಇಲ್ಲದ ಕಾರಣ ಭಾವನೂ ಒಂದೆರಡು ದಿನ ಆಚೀಚೆ ಮಾಡುತ್ತಿದ್ದರು. ಕಪಾಟಿನಲ್ಲಿದ್ದದ್ದು ಕಪಾಟಿನಲ್ಲೇ ತಾನೇ ಇರುವುದು. ಸಂಜೆ ಮೇಷ್ಟರ ಮನೆಯಲ್ಲಿ ಎಲ್ಲರೂ ಕೂತು ಆ ಮೀನು ಉಂಡಿದ್ದೆವು.

“ಇವತ್ತು ಇಲ್ಲ,” ಅಂದರು ಭಾವ.

“ಇಲ್ಲ ಅಂದ್ರೆ? ಅಲ್ಲಿ ಇದೆಯಲ್ಲೋ ಎರಡು.”

“ನಿನ್ನೆಗೆ ಮುಗೀತು ಅವು.”

“ಒಂದು ದಿನಕ್ಕೆ ಬಟ್ಟೆ ಹಳಸುತ್ತಾ? ಹಾಲೇನೋ ಅದು?”

“ಹಳಸಲ್ಲ. ಆದ್ರೆ ಕೊಡೋ ಹಾಗಿಲ್ಲ. ನಾನು ಕೊಡಬಾರದು, ನೀನು ತಗೊಂಡು ಹೋಗಬಾರದು. ಸಂಜೆಗೆ ಮಡಚಿ ಕೊಡ್ತೀನಿ, ತಡಿ.”

ಮೇಷ್ಟ್ರು ಆಕಾಶ ನೋಡಿದರು. “ಮಧ್ಯಾಹ್ನ ಮೋಡ ಬರುತ್ತೆ. ಬೆಳಿಗ್ಗೆ ಬಿಟ್ರೆ ಇವತ್ತು ಇಲ್ಲ.” ಆಮೇಲೆ ಆ ಹುಡುಗಿಯ ಕಡೆ ತಿರುಗಿ ಜೋರಾಗಿ ನಕ್ಕರು. “ನೋಡಿದ್ಯೇನಮ್ಮಾ ಕಾನೂನು? ಒಂದು ದಿನ ಹಳೇ ಗಂಟು ಹಾಕ್ಕೊಂಡು ಹೋದ್ರೆ ತಪ್ಪು. ಏನೂ ಇಲ್ಲದೆ ಬರೀ ಬೆನ್ನಲ್ಲಿ ಹೋದ್ರೆ ಸರಿ. ಹೌದೇನೋ ಗಂಟು?”

“ಹೌದು,” ಅಂದರು ಭಾವ.

“ಹಾಗಾದ್ರೆ ಸರಿಯಾಗಿರೋದನ್ನೇ ಮಾಡೋಣ. ನಾಳೆ ಹಾಕ್ಕೋತೀವಿ ಬಿಡು. ಇವತ್ತು ಬೇಕಿಲ್ಲ.”

ಆ ಹುಡುಗಿ ಭಾವನ ಮುಖ ನೋಡಿದಳು. ಭಾವ ಏನಾದರೂ ಹೇಳುತ್ತಾರಾ ಅಂತ ಕಾದಳೇನೋ. ಭಾವ ಕಪಾಟಿನ ಬಾಗಿಲು ಹಾಕಿದರು.

ನಾನು ಅವರ ವಿಮಾನಕ್ಕೆ ಪೆಟ್ರೋಲ್ ತುಂಬಿದೆ. ಮೇಷ್ಟ್ರು ಬಾಗಿಲು ಎಳೆದುಕೊಳ್ಳುವಾಗ, “ಮೀನು ಇನ್ನೂ ಮಿಕ್ಕಿದೆ ಕಣೋ, ಮಧ್ಯಾಹ್ನಕ್ಕೆ ತಂದಿದ್ದೀನಿ, ನಿನ್ನ ಭಾವನಿಗೆ ಹೇಳು,” ಅಂದರು.

ಎತ್ತರಕ್ಕೆ ಹೋದರು. ಇಲ್ಲಿಂದ ನೋಡಿದರೆ ಕೈಬೆರಳಿನ ಉಗುರಿನಷ್ಟು. ಮೊದಲನೆಯ ಗಿರಕಿ ಹಾಕಿದರು, ಬಿಡಿಸಿಕೊಂಡರು. ಮತ್ತೆ ಹತ್ತಿದರು. ಎರಡನೆಯದಕ್ಕೆ ಮೂಗು ಕೆಳಗೆ ಮಾಡಿ ತಿರುಗುತ್ತಿದ್ದ ವಿಮಾನ ಮೆಲ್ಲಗೆ ಮೂಗು ಮೇಲೆತ್ತಿತು. ಚಪ್ಪಟೆಯಾಗಿ ತಿರುಗತೊಡಗಿತು, ನೀರಿನಲ್ಲಿ ಎಲೆ ತಿರುಗುವ ಹಾಗೆ. ಎಂಜಿನ್ನಿನ ಸದ್ದು ಏರಿತು, ಇಳಿಯಿತು, ನಿಂತಿತು. ನಾನು ಟ್ಯಾಂಕರ್ ಪಕ್ಕ ನಿಂತಿದ್ದೆ. ಭಾವ ಕೋಣೆಯಿಂದ ಹೊರಗೆ ಬಂದು ಶೆಡ್ಡಿನ ಕಂಬ ಹಿಡಿದುಕೊಂಡು ನಿಂತಿದ್ದರು. ಅದು ಬೇಗ ಬೀಳಲಿಲ್ಲ. ಅದೇ ಕಷ್ಟ. ತಿರುಗುತ್ತ ತಿರುಗುತ್ತ, ನಿಧಾನವಾಗಿ, ನಮ್ಮೆಲ್ಲರ ಕಣ್ಣ ಮುಂದೆ ಇಳಿಯಿತು. ಯಾರೂ ಕೂಗಲಿಲ್ಲ. ರನ್‌ವೇ ಆಚೆಯ ಜವುಗು ನೆಲದಲ್ಲಿ ಬಿತ್ತು.

ಹುಡುಗಿ ಬದುಕಿದಳು. ಎರಡು ಕಾಲೂ ಮುರಿದಿದ್ದವು. ಮೇಷ್ಟ್ರು ಆಸ್ಪತ್ರೆ ತಲುಪುವ ಮೊದಲೇ ಹೋದರು.

ವಿಚಾರಣೆಗೆ ಬಂದವರು ಎಲ್ಲರನ್ನೂ ಕೇಳಿದರು. ಭಾವನನ್ನೂ ಕೇಳಿದರು. ಭಾವ ನಡೆದದ್ದನ್ನು ನಡೆದ ಹಾಗೆ ಹೇಳಿದರು. ಅವರು ತಲೆಯಾಡಿಸಿ, ನೀವು ಮಾಡಿದ್ದು ಸರಿ, ವಾಯಿದೆ ಮುಗಿದದ್ದನ್ನು ಕೊಡುವ ಹಾಗಿಲ್ಲ ಅಂದರು. ಮೇಷ್ಟ್ರದ್ದೂ ತಪ್ಪಿಲ್ಲ, ಗಿರಕಿ ಪಾಠಕ್ಕೆ ಪ್ಯಾರಾಚೂಟ್ ಬೇಕಿಲ್ಲ ಅಂದರು. ಯಾರದ್ದೂ ತಪ್ಪಿಲ್ಲ ಅಂತಾಯಿತು. ಬೈದಿದ್ದರೆ ಭಾವನಿಗೆ ಸ್ವಲ್ಪ ಹಗುರ ಆಗುತ್ತಿತ್ತೋ ಏನೋ.

ಸ್ವಲ್ಪ ದಿನ ಬಿಟ್ಟು ನಾವಿಬ್ಬರೂ ಆಸ್ಪತ್ರೆಗೆ ಹೋದೆವು. ಹುಡುಗಿಯ ಕಾಲುಗಳನ್ನು ಮೇಲೆ ಕಟ್ಟಿದ್ದರು. ಭಾವ ಕುರ್ಚಿ ಎಳೆದುಕೊಳ್ಳಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತರು.

“ನೋವು ಇದೆಯೇನಮ್ಮಾ?”

“ಪರವಾಗಿಲ್ಲ ಅಂಕಲ್.”

“ಒಂದು ಕೇಳಲಾ? ಹೇಳೋಕೆ ಇಷ್ಟ ಇಲ್ಲದಿದ್ರೆ ಹೇಳಬೇಡ.”

“ಕೇಳಿ.”

“ಅವನು ಮೇಲೆ... ಏನಾದ್ರೂ ಅಂದ್ನಾ?”

ಅವಳು ಯೋಚಿಸಿದಳು. “ಕೈ ಬಿಡಮ್ಮಾ, ನಾನು ನೋಡ್ಕೋತೀನಿ ಅಂದ್ರು. ಆಮೇಲೆ ಏನೂ ಮಾತಾಡಲಿಲ್ಲ. ಕೆಲಸ ಮಾಡ್ತಾನೇ ಇದ್ರು. ಎಲ್ಲ ಪ್ರಯತ್ನ ಮಾಡಿದ್ರು.”

“ಹೊರಗೆ ಹಾರೋಕೆ ಟೈಮ್ ಇತ್ತಾ?”

ಅವಳು ಕಿಟಕಿ ಕಡೆ ನೋಡಿದಳು. ಸುಳ್ಳು ಹೇಳಬಹುದಿತ್ತು. ಹೇಳುವ ಸ್ವಭಾವ ಅವಳದ್ದಲ್ಲ.

“ಬೇಕಾದಷ್ಟು ಇತ್ತು ಅಂಕಲ್.”

ಬರುವ ದಾರಿಯಲ್ಲಿ ನಾನು ಸಮಾಧಾನಕ್ಕೆ ಅಂದೆ, “ಹೋಗಲಿ ಬಿಡಿ ಭಾವ. ಗಂಟು ಇದ್ರೂ ತೆರೆದುಕೊಳ್ತಿತ್ತು ಅಂತ ಏನು ಗ್ಯಾರಂಟಿ?”

ಅವರು ನಿಂತುಬಿಟ್ಟರು. ನನ್ನ ಮುಖ ನೋಡಿದರು. ನಾನು ಎಂಥ ಮಾತಾಡಿದೆ ಅಂತ ನನಗೆ ಆಗ ಗೊತ್ತಾಗಲಿಲ್ಲ.

ಆಮೇಲೆ ಶಾಲೆಯಲ್ಲಿ ಹೊಸ ಆಜ್ಞೆ ಬಂತು. ಕಾನೂನು ಏನೇ ಹೇಳಲಿ, ಇನ್ನು ಮುಂದೆ ಇಲ್ಲಿ ಗಂಟು ಇಲ್ಲದೆ ಗಿರಕಿ ಪಾಠ ಇಲ್ಲ ಅಂದರು ದೊಡ್ಡವರು. ಬೇರೆ ಮೇಷ್ಟ್ರು ಬಂದರು. ಭಾವನಿಗೆ ಕೈತುಂಬ ಕೆಲಸ. ಎಷ್ಟೋ ವರ್ಷದಿಂದ ಅವರು ಬಯಸಿದ್ದು ಇದೇ. ರಾಟೆಯಲ್ಲಿದ್ದ ಎರಡನ್ನು ಮಡಚಿ ಕೊಟ್ಟರು. ಕಪಾಟಿನ ಎರಡರಲ್ಲಿ ಚಿಕ್ಕದನ್ನು ಮಡಚಿ ಕೊಟ್ಟರು. ದೊಡ್ಡ ಪಟ್ಟಿಯದ್ದು, ಮೇಷ್ಟರ ಹೊಟ್ಟೆಗೆ ಆಗುತ್ತಿದ್ದದ್ದು ಅದೊಂದೇ. ಅದನ್ನು ಮುಟ್ಟಲಿಲ್ಲ. ಕಪಾಟಿನಲ್ಲಿ ಹಾಗೇ ಇತ್ತು, ಕೆಂಪು ದಾರ, ಸೀಸದ ಮುದ್ರೆ ಸಮೇತ.

ದೊಡ್ಡವರು ಕೇಳಿದಾಗ “ಮಾಡ್ತೀನಿ ಸಾರ್” ಅಂದರು. ಮಾಡಲಿಲ್ಲ. ಇನ್ನೊಮ್ಮೆ ಕೇಳಿದರು. “ಮಾಡ್ತೀನಿ.” ದೊಡ್ಡವರು ಮತ್ತೆ ಕೇಳಲಿಲ್ಲ.

ಮನೆಯಲ್ಲಿ ಭಾವ ಮಡಚುವುದನ್ನು ಬಿಟ್ಟರು. ಹೊದಿಕೆ ಹಾಸಿಗೆಯ ಮೇಲೆ ಹೇಗೆ ಬಿದ್ದಿತ್ತೋ ಹಾಗೇ ಇರುತ್ತಿತ್ತು. ಒಂದು ಭಾನುವಾರ ನಾನು ಹೋದಾಗ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. ಅವಳಿಗೆ ಎಲ್ಲ ಗೊತ್ತಿತ್ತು.

“ನೀನೇನೋ ಹೇಳಿದೆಯಂತೆ, ತೆರೆದುಕೊಳ್ತಿತ್ತು ಅಂತ ಏನು ಗ್ಯಾರಂಟಿ ಅಂತ.”

“ಸಮಾಧಾನಕ್ಕೆ ಅಂದೆ ಅಕ್ಕ.”

“ಒಳ್ಳೆ ಸಮಾಧಾನ ಮಾಡಿದೆ ಬಿಡು.” ಅವಳು ಒಲೆಯ ಉರಿ ಸಣ್ಣ ಮಾಡಿದಳು. “ಆ ಗಂಟನ್ನ ಎಳೆದು ನೋಡೋಕೆ ಅವರಿಗೆ ಧೈರ್ಯ ಇಲ್ಲ ಕಣೋ. ಅದು ತೆರೆದುಕೊಂಡ್ರೆ, ಗೆಳೆಯನ್ನ ಉಳಿಸೋದು ಕೈಯಲ್ಲಿ ಇಟ್ಕೊಂಡು ಕಪಾಟು ಹಾಕಿದೆ ಅಂತ ಆಗುತ್ತೆ. ತೆರೆದುಕೊಳ್ಳದಿದ್ರೆ, ಇಷ್ಟು ವರ್ಷ ಮಡಚಿದ್ದೆಲ್ಲ ಸುಳ್ಳು ಅಂತ ಆಗುತ್ತೆ. ಯಾವುದೇ ಆದ್ರೂ ಈ ಮನುಷ್ಯ ಉಳಿಯಲ್ಲ.”

“ಹಾಗಾದ್ರೆ ಎಳೆಯೋದೇ ಬೇಡ.”

“ಎಳೆಯದಿದ್ರೂ ಉಳಿಯಲ್ಲ. ನೋಡ್ತಾ ಇದ್ದೀಯಲ್ಲ.”

ಹೌದು, ನೋಡುತ್ತಿದ್ದೆ. ಊಟ ಮಾಡುತ್ತಿದ್ದರು, ಕೆಲಸಕ್ಕೆ ಬರುತ್ತಿದ್ದರು. ಯಾರಾದರೂ ಕರೆದರೆ ಎರಡನೇ ಸಲಕ್ಕೆ ಓ ಅನ್ನುತ್ತಿದ್ದರು. ಮಧ್ಯಾಹ್ನ ಡಬ್ಬಿ ತೆರೆದಿಟ್ಟುಕೊಂಡು ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದರು.

ಒಂದು ದಿನ ಮೇಷ್ಟರ ಹೆಂಡತಿ ಬಂದರು. ಗಂಡನ ಪೆಟ್ಟಿಗೆಯಲ್ಲಿದ್ದ ಸಾಮಾನು ಒಯ್ಯಲು ಆಫೀಸಿನವರು ಹೇಳಿ ಕಳಿಸಿದ್ದರು. ಒಂದು ಟೋಪಿ, ಕಪ್ಪು ಕನ್ನಡಕ, ಹಳೆ ಬೂಟು, ಗಾಳದ ದಾರದ ಒಂದು ಉಂಡೆ. ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು, ಆಫೀಸಿನಿಂದ ಹೊರಗೆ ಬಂದು, “ನಿನ್ನ ಭಾವನ ಕೋಣೆ ಎಲ್ಲಿ?” ಅಂತ ನನ್ನನ್ನು ಕೇಳಿದರು. ನಾನು ಕರೆದುಕೊಂಡು ಹೋದೆ.

ಭಾವ ಎದ್ದು ನಿಂತರು. “ಬನ್ನಿ ಅತ್ತಿಗೆ,” ಅಂದರು. ಸ್ಟೂಲು ಮುಂದಕ್ಕೆ ಸರಿಸಿದರು.

ಅವರು ಕೋಣೆಯನ್ನೆಲ್ಲ ನೋಡಿದರು. ಉದ್ದ ಮೇಜು, ರಾಟೆ, ಮರಳಿನ ಚೀಲಗಳು. “ದಿನಾ ಊಟಕ್ಕೆ ಇಲ್ಲಿಗೇ ಬರ್ತಿದ್ರಲ್ವಾ? ಉಗುರು ಕತ್ತರಿಸ್ಕೊಂಡ್ ಹೋಗ್ತೀನಿ, ಇಲ್ಲದಿದ್ರೆ ಆ ಗಂಟು ಒಳಗೆ ಬಿಡಲ್ಲ ಅನ್ನೋರು.”

ಭಾವ ತಲೆಯಾಡಿಸಿದರು.

“ಅವತ್ತಿನದು ಎಲ್ಲಿದೆ?”

ಭಾವ ನನ್ನ ಕಡೆ ನೋಡಿದರು. ಆಮೇಲೆ ಕಪಾಟು ತೆಗೆದು, ದೊಡ್ಡ ಗಂಟನ್ನು ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡು ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟರು.

“ಇದೇ.”

ಅತ್ತಿಗೆ ಮುಟ್ಟುವ ಮೊದಲು ಕೈಯನ್ನು ಸೆರಗಿಗೆ ಒರೆಸಿಕೊಂಡರು. ಪಟ್ಟಿಯನ್ನು ಹಿಡಿದು ಅಳತೆ ನೋಡಿದರು. “ಆಗ್ತಿತ್ತು ಅವರಿಗೆ,” ಅಂದರು. “ಇದು ತೆರೆದುಕೊಳ್ತಿತ್ತಾ?”

“ಗೊತ್ತಿಲ್ಲ ಅತ್ತಿಗೆ.”

“ನೀನೇ ಮಡಚಿದ್ದಲ್ವಾ? ನಿನಗೆ ಗೊತ್ತಿಲ್ಲ ಅಂದ್ರೆ ಹೇಗೆ? ಎಳಿ, ನೋಡೋಣ.”

ಭಾವ ಹಿಡಿಯ ಮೇಲೆ ಕೈ ಇಟ್ಟರು. ಬೆರಳು ಮಡಚಿದರು. ಹಾಗೇ ನಿಂತರು. ಕುತ್ತಿಗೆಯ ನರ ಉಬ್ಬಿತ್ತು, ಆದರೆ ಕೈ ಎಳೆಯಲಿಲ್ಲ. ನನಗೆ ಅವರನ್ನು ನೋಡಲು ಆಗಲಿಲ್ಲ.

“ಸರಿ ಬಿಡು,” ಅಂದರು ಅತ್ತಿಗೆ. ಭಾವನ ಕೈಯನ್ನು ಮೆಲ್ಲಗೆ ಸರಿಸಿದರು. ತಾವೇ ಹಿಡಿ ಹಿಡಿದು ಎಳೆದರು.

ಪಿನ್ನು ಕಳಚಿದ ಸದ್ದು ಸಣ್ಣದು. ಪುಟ್ಟ ಕೊಡೆ ಚಿಮ್ಮಿ ಛಾವಣಿಗೆ ತಾಕಿ ಮೇಜಿನಾಚೆ ಬಿತ್ತು. ಅದರ ಹಿಂದೆ ಬಿಳಿ ಬಟ್ಟೆ ಹೊರಳಿತು. ಭಾವ ತಮಗೇ ಗೊತ್ತಿಲ್ಲದ ಹಾಗೆ ಆ ಪುಟ್ಟ ಕೊಡೆಯನ್ನು ಹಿಡಿದು, ಕೋಣೆಯ ಆ ತುದಿಗೆ ನಡೆದರು. ಬಟ್ಟೆ ಉದ್ದಕ್ಕೂ ಬಂತು, ಎಲ್ಲೂ ತಡೆಯಲಿಲ್ಲ. ಹಗ್ಗಗಳು ಹಿಡಿದಿಟ್ಟಿದ್ದ ರಬ್ಬರ್ ಪಟ್ಟಿಗಳಿಂದ ಒಂದೊಂದಾಗಿ ಬಿಟ್ಟುಕೊಂಡು ಬಂದವು, ಚಟ್ ಚಟ್ ಅಂತ. ಭಾವ ತಿರುಗಿ ಬಂದು ಹಗ್ಗಗಳನ್ನು ಬೆರಳ ಸಂದಿಗೆ ತೆಗೆದುಕೊಂಡು ಮೇಲಿಂದ ಕೆಳಗೆ ಬಾಚಿದರು. ಸಿಕ್ಕು ಇರಲಿಲ್ಲ. ಒಂದು ಕಡೆಯೂ ಇರಲಿಲ್ಲ.

“ತೆರೆದುಕೊಳ್ತು,” ಅಂದರು ಭಾವ. ನೆಲದ ಮೇಲೆ ಕೂತುಬಿಟ್ಟರು. “ತೆರೆದುಕೊಳ್ತು ಅತ್ತಿಗೆ. ಕೊಟ್ಟಿದ್ರೆ ಬರ್ತಿದ್ದ. ಒಂದೇ ಒಂದು ದಿನ ಹಳೇದು. ನಾನು ಕೊಡಲಿಲ್ಲ.”

ಅಷ್ಟು ದಿನ ಅವರು ಅತ್ತಿರಲಿಲ್ಲ. ಆಗ ಅತ್ತರು. ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ.

ಅತ್ತಿಗೆ ಬಟ್ಟೆಯ ಒಂದು ಅಂಚನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡು ಸ್ಟೂಲಿನ ಮೇಲೆ ಕೂತರು. ಅವರೂ ಅಳುತ್ತಿದ್ದರು, ಸದ್ದಿಲ್ಲದೆ. ಸೆರಗಿನಲ್ಲಿ ಮುಖ ಒರೆಸಿಕೊಂಡರು.

“ನಿನಗೆ ಬೈಯೋಣ ಅಂತಲೇ ಬಂದೆ ಕಣಪ್ಪಾ. ದಾರಿಯುದ್ದಕ್ಕೂ ಮಾತು ಜೋಡಿಸ್ಕೊಂಡು ಬಂದೆ. ಈಗ ಒಂದೂ ಬರ್ತಿಲ್ಲ.”

“ಬೈದುಬಿಡಿ ಅತ್ತಿಗೆ.”

“ಏನಂತ ಬೈಲಿ? ಹಿಂದಿನ ದಿನ ನಿನ್ನ ಕೆಲಸ ಬಿಡಿಸಿ ಕೆರೆಗೆ ಎಳ್ಕೊಂಡು ಹೋದೋರು ಅವರು. ಮೀನು ಬೇಕು ಅಂದೋಳು ನಾನು.” ಬಟ್ಟೆಯ ಮೇಲೆ ಕೈಯಾಡಿಸಿದರು. “ಚೆನ್ನಾಗಿ ಮಡಚಿದ್ದೆ.”

ಭಾವ ಆ ಮಾತು ಕೇಳಿ ಇನ್ನೂ ಕುಗ್ಗಿದರು. ಅತ್ತಿಗೆ ಸಮಾಧಾನಕ್ಕೇ ಹೇಳಿದ್ದು. ಆದರೆ ಎಲ್ಲಕ್ಕಿಂತ ಗಟ್ಟಿಯಾದ ಏಟು ಅದೇ ಇರಬೇಕು.

“ಈಗ ಮತ್ತೆ ಮಡಚು,” ಅಂದರು ಅತ್ತಿಗೆ. “ನೋಡ್ತೀನಿ. ಅವರು ದಿನಾ ನೋಡ್ತಿದ್ರಲ್ಲ.”

ಭಾವ ಎದ್ದರು. ಮುಖ ತೊಳೆದು, ಕೈ ಒರೆಸಿ, ಮೇಜಿನ ಹತ್ತಿರ ಬಂದರು. ಬಟ್ಟೆಯನ್ನು ಉದ್ದಕ್ಕೆ ಎಳೆದರು. ಅತ್ತಿಗೆ ಕೈ ಹಿಂದೆ ಕಟ್ಟಿಕೊಂಡು ನಿಂತು ಪೂರ್ತಿ ನೋಡಿದರು. ಮುದ್ರೆ ಒತ್ತುವ ಹೊತ್ತಿಗೆ ಹೊರಗೆ ಬಿಸಿಲು ಇಳಿದಿತ್ತು. ಅವರು ಚೀಲ ಎತ್ತಿಕೊಂಡರು. ಗಾಳದ ದಾರದ ಉಂಡೆಯನ್ನು ಮೇಜಿನ ಮೇಲಿಟ್ಟರು. “ಇದು ಇಲ್ಲೇ ಇರಲಿ,” ಅಂದರು. ಭಾವ ಅವರನ್ನು ಗೇಟಿನ ತನಕ ಬಿಟ್ಟು ಬಂದರು.

ಆ ದೊಡ್ಡ ಗಂಟನ್ನು ಮರುದಿನವೇ ಹೊಸ ಮೇಷ್ಟ್ರು ಹಾಕಿಕೊಂಡು ಹೋದರು. ಭಾವ ಕಂಬ ಹಿಡಿದುಕೊಂಡು, ಅವರು ಇಳಿಯುವ ತನಕ ಹೊರಗೆ ನಿಂತಿದ್ದರು. ಆಮೇಲೆ ಪ್ರತಿ ಸಲವೂ ಹಾಗೇ. ಅಷ್ಟು ವರ್ಷಗಳಲ್ಲಿ ಯಾರೂ ಹಿಡಿ ಎಳೆಯುವ ಪ್ರಸಂಗ ಬರಲಿಲ್ಲ. ಆ ಹುಡುಗಿ ಮತ್ತೆ ಹಾರಲಿಲ್ಲ. ಕೋಲು ಹಿಡಿದು ನಡೆಯುತ್ತಾಳೆ ಅಂತ ಕೇಳಿದೆ.

ಒಂದು ಸಲ, ಅವರು ನಿವೃತ್ತರಾದ ಮೇಲೆ, ನಾನು ಕೇಳಿದೆ. “ಭಾವ, ಅವತ್ತು ಮೇಷ್ಟ್ರು ಮತ್ತೆ ಬಂದು ಕೇಳಿದ್ರೆ ಕೊಡ್ತಿದ್ರಾ?”

“ಅವನಿಗಾದ್ರೆ ಕೊಡ್ತಿದ್ದೆ,” ಅಂದರು. ಆಮೇಲೆ, “ಬೇರೆಯವರಿಗೆ ಕೊಡ್ತಿರಲಿಲ್ಲ. ಆಗ ಬೇರೆಯವರ ಮನೆಯವರು ಬಂದು ಆ ಸ್ಟೂಲಿನ ಮೇಲೆ ಕೂತ್ಕೋತಿದ್ರು.” ಕೊನೆಗೆ, “ಸಂಜೆ ತನಕ ತಡಿ ಅಂತ ಗಟ್ಟಿಯಾಗಿ ಹೇಳಬೇಕಿತ್ತು. ಮೆತ್ತಗೆ ಹೇಳಿದೆ,” ಅಂದರು.

ಮನೆಯಲ್ಲಿ ಮತ್ತೆ ಹೊದಿಕೆ ಮಡಚತೊಡಗಿದ್ದರು, ಕೊನೆಯ ತನಕ. ಅಕ್ಕನಿಗೆ ಕಣ್ಣು ಮಂಜಾದ ಮೇಲೆ ಬಡಿಸುವಾಗ ಅವಳು ಒಂದೊಂದು ಸೌಟಿಗೂ ಕೇಳಬೇಕಾಗುತ್ತಿತ್ತು, ಇನ್ನೂ ಹಾಕಲಾ ಅಂತ. ಮೊದಲೆಲ್ಲ ಅವರು ತಲೆಯೆತ್ತದೆ ಬೇಕಿಲ್ಲ ಅನ್ನುತ್ತಿದ್ದರು. ಮೇಷ್ಟ್ರು ಹೋದ ಮೇಲೆ ಆ ಮಾತು ಅವರ ಬಾಯಿಂದ ಬರಲಿಲ್ಲ. ಬೇಕು ಅನ್ನುತ್ತಿದ್ದರು, ಇಲ್ಲವೇ ಸಾಕು ಅನ್ನುತ್ತಿದ್ದರು. ಕೊನೆಗೆ ಹಾಸಿಗೆ ಹಿಡಿದಾಗ ಅಕ್ಕ ನೀರಿನ ಲೋಟ ಬಾಯಿಗೆ ಹಿಡಿದು ಇನ್ನೊಂದು ಗುಟುಕು ಅಂದಳು. ಅವರು ಅವಳ ಕೈ ಮುಟ್ಟಿ, ಸಾಕು ಅಂದರು. ಹೊದಿಕೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಸರಿಮಾಡುತ್ತಿದ್ದರು.